ಅವ್ವ ಮಾಡಿದ ಗಾಲಿ ಹಲಗೆ

ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳ ಮುಂದೆ ಗ್ರೀಸ್ ವಾಸನೆ ಮೂಗಿಗೆ ಬಡಿದರೆ, ಈಗಲೂ ನನಗೆ ಸಿರುಗುಪ್ಪದ ನಮ್ಮ ಶೆಡ್ಡಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಅಪ್ಪನ ಬೆನ್ನಿಗೆ ಆಪರೇಷನ್ ಆಗಿತ್ತು. ಭಾರ ಎತ್ತಿದರೆ ಮತ್ತೆ ಹಾಸಿಗೆ ಹಿಡಿಯಬೇಕಾಗುತ್ತದೆ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಆದರೆ ಭತ್ತದ ಚೀಲ ಇಡಬೇಕಾದ ಜಾಗದಲ್ಲೇ ಟ್ರ್ಯಾಕ್ಟರಿನ ಕಬ್ಬಿಣದ ನೇಗಿಲು ಕೂತಿತ್ತು. ಅಪ್ಪ ಅದರ ಸುತ್ತ ತಿರುಗುತ್ತಿದ್ದ, ಕೂಡುತ್ತಿದ್ದ, ಮತ್ತೆ ಏಳುತ್ತಿದ್ದ. ಎಲ್ಲಿ ಅದಕ್ಕೆ ಕೈ ಹಾಕಿಬಿಡುತ್ತಾನೋ ಎಂದು ನಾನು ಅವನ ಹಿಂದೆಯೇ ಅಲೆಯುತ್ತಿದ್ದೆ.

ಅವ್ವ ಗುಜರಿಯಿಂದ ತಂದ ಗಾಲಿಗಳನ್ನು ಎರಡು ಜಾಲಿ ಹಲಗೆಗಳಿಗೆ ಬೋಲ್ಟ್ ಹಾಕಿ ಪಾನಾದಿಂದ ಬಿಗಿಯುತ್ತಿದ್ದಳು. ಮೊಳಕೈತನಕ ಗ್ರೀಸ್ ಮೆತ್ತಿತ್ತು.

“ಹಂಗಲ್ಲ, ಪಾನಾ ಇತ್ತ ಕೊಡು,” ಎಂದ ಅಪ್ಪ.

“ನೀವು ಸುಮ್ನ ಕುಂದರ್ರಿ. ಹೆಂಗಂತ ಬಾಯಿಲೆ ಹೇಳ್ರಿ, ಸಾಕು.”

“ಬಾಯಿಲೆ ಹೇಳ್ಕೋತ ಕುಂದ್ರಾಕ ನಾ ಏನು ಮುದುಕನೇನು?”

ಅವ್ವ ಹಾರೆ ಹಾಕಿ ನೇಗಿಲಿನ ಒಂದು ಬದಿ ಮೀಟಿದಳು; ನಾನು ಹಲಗೆಯನ್ನು ಅದರ ಅಡಿಗೆ ದೂಡಿದೆ. ಇನ್ನೊಂದು ಬದಿಗೂ ಹಾಗೆಯೇ ಮಾಡಿದೆವು. ಆಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು, “ನನಗ ರಟ್ಟಿ ಸೋತಾವು. ನೀವ ತಳ್ರಿ,” ಎಂದಳು.

ನಾನು ಅಪ್ಪನ ಅಂಗಿ ಹಿಡಿದೆ. ಅಪ್ಪ ಒಂದು ಅಂಗೈ ಊರಿದ, ಅಷ್ಟೇ. ನೇಗಿಲು ಗಡಗಡ ಉರುಳಿ ಮೂಲೆ ಸೇರಿತು.

ಅಲ್ಲಿಗೆ ಕೆಲಸ ಮುಗಿದಿತ್ತು. ಆದರೂ ಅಪ್ಪ ಅದನ್ನು ಬಾಗಿಲತನಕ ತಂದ, ಮತ್ತೆ ಮೂಲೆಗೆ ಒಯ್ದ, ಮತ್ತೆ ತಂದ. ಊಟಕ್ಕೆ ಕರೆಯಲು ಹೊರಟ ನನ್ನನ್ನು ಅವ್ವ ಕೈ ಹಿಡಿದು ನಿಲ್ಲಿಸಿದಳು.