ಡಬ್ಬಿಯೊಳಗಿನ ಹೆಸರು

"ಸತ್ತವರಿಗೆ ಗುಣ ಆಗ್ಲಿ ಅಂತ ಪ್ರಾರ್ಥನಾ ಮಾಡೂ ಸಭೆ ಜಗತ್ತಿನ್ಯಾಗ ನಮ್ಮದೊಂದ ನೋಡವಾ..."

ಪಕ್ಕದ ಮನೆಯ ಮಾರ್ಥಾಬಾಯಿ ನಲ್ಲಿಯ ಹತ್ತಿರ ಕೊಡ ಇಳಿಸುತ್ತ ಆಡಿದ ಮಾತಿದು. ಪ್ರಿಸಿಲ್ಲಾಳಿಗೆ ಮೊದಲು ಅರ್ಥವೇ ಆಗಲಿಲ್ಲ.

ವಿಷಯ ಇಷ್ಟೇ... ಅವರ ಚರ್ಚ್‌ನಲ್ಲಿ ಪ್ರತಿ ಭಾನುವಾರ ಕಾಯಿಲೆಯವರ ಹೆಸರು ಓದಿ ಪ್ರಾರ್ಥಿಸುವ ಪದ್ಧತಿ. ಚೀಟಿಯಲ್ಲಿ ಹೆಸರು ಬರೆದು ಬಾಗಿಲ ಬಳಿಯ ಡಬ್ಬಿಗೆ ಹಾಕಿದರಾಯಿತು, ಸಭೆಯ ಹಿರಿಯರಾದ ಸಮುವೇಲ ಮಾಸ್ತರು ಗಟ್ಟಿಯಾಗಿ ಓದುತ್ತಾರೆ.

ಆ ಚೀಟಿಗಳಲ್ಲಿ ಇನ್ನೂ ಒಂದು ಹೆಸರು ಬರುತ್ತಿತ್ತಂತೆ... ಯೋನಾತಾನ ಹೊಸಮನಿ.

ಅಂದರೆ ಪ್ರಿಸಿಲ್ಲಾಳ ಗಂಡ. ಅವನನ್ನು ಮಣ್ಣು ಮಾಡಿ ಆಗಲೇ ಎರಡು ತಿಂಗಳಾಗಿತ್ತು.

ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ ಗಟ್ಟಿ ಆಳು, ಮೂವತ್ತೆಂಟು ವಯಸ್ಸು. ಎರಡೂ ಕಿಡ್ನಿ ಕೈಕೊಟ್ಟವು. ಎಂಟು ತಿಂಗಳು ಡಯಾಲಿಸಿಸ್... ಎಂಟು ತಿಂಗಳೂ ಇಡೀ ಸಭೆಯ ಪ್ರಾರ್ಥನೆ. ಪ್ರಿಸಿಲ್ಲಾ ಅಂತೂ ಶುಕ್ರವಾರ ಶುಕ್ರವಾರ ಹನಿ ನೀರು ಮುಟ್ಟದೆ ಬೇಡಿಕೊಂಡಿದ್ದಳು.

ಆದರೂ ಹೋಗಿಬಿಟ್ಟ.

ಸಮಾಧಾನ ಹೇಳಲು ಬಂದ ಹೆಂಗಸೊಬ್ಬಳು, "ಒಳ್ಳೇವ್ರನ್ನ ಕರ್ತನು ಲಗೂನ ಕರ್ಕೋತಾನವಾ" ಎಂದಳು.

"ಹಂಗಾರ ನಿಮ್ಮನ್ನ ಇನ್ನೂ ಯಾಕ ಬಿಟ್ಟಾನ್ರಿ?" ಎಂದು ಕೇಳಿ ಪ್ರಿಸಿಲ್ಲಾ ಬಾಗಿಲು ಹಾಕಿಕೊಂಡಿದ್ದಳು.

ಅಂದಿನಿಂದ ಅವಳಿಗೆ ಚರ್ಚ್ ಬಂದ್. ಮನೆಯಲ್ಲಿ ಸಂಜೆಯ ಪ್ರಾರ್ಥನೆಯೂ ಬಂದ್. ಇನ್ನು ಮೇಲೆ ಈ ಮನೆಯಲ್ಲಿ ದೇವರ ಸುದ್ದಿ ಎತ್ತಬಾರದೆಂದು ಅತ್ತೆ ಸಾರವ್ವನಿಗೂ ಖಡಾಖಂಡಿತವಾಗಿ ಹೇಳಿಬಿಟ್ಟಳು.

ಮುದುಕಿ ಎದುರಾಡಲಿಲ್ಲ. ಭಾನುವಾರ ಮಾತ್ರ ಬಿಳಿ ಸೀರೆ ಉಟ್ಟು ತನ್ನಷ್ಟಕ್ಕೆ ತಾನು ಹೊರಟುಬಿಡುತ್ತಿದ್ದಳು.

ಈಗ ನೋಡಿದರೆ ಈ ಚೀಟಿಯ ಸುದ್ದಿ... ಪ್ರಿಸಿಲ್ಲಾಳಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿದುಹೋಯಿತು. ಬದುಕಿದ್ದಾಗ ದೇವರು ಕೇಳಿಸಿಕೊಳ್ಳಲಿಲ್ಲ, ಸತ್ತ ಮೇಲೆ ಈ ಅಣಕವೇ?

ಮುಂದಿನ ಭಾನುವಾರ ಆರಾಧನೆ ಅರ್ಧ ಆಗಿರುವಾಗ ಅವಳು ಒಳಗೆ ನುಗ್ಗಿದಳು. ನಿರ್ಧಾರ ಆಗಿಹೋಗಿತ್ತು... ಗಂಡನ ಹೆಸರು ನಿಲ್ಲಿಸುವುದು, ಸಭೆಯ ರಿಜಿಸ್ಟರಿನಿಂದ ತನ್ನ ಹೆಸರನ್ನೂ ಹೊಡೆದು ಹಾಕಿಸುವುದು, ಮತ್ತೆಂದೂ ಈ ಮೆಟ್ಟಿಲು ಹತ್ತದಿರುವುದು.

ಮಾಸ್ತರು ಅದೇ ಹೆಸರು ಓದುತ್ತಿದ್ದರು.

"ನಿಲ್ಲಸ್ರಿ ಮಾಸ್ತರ... ಯಾರಿಗೆ ಗುಣ ಆಗ್ಬೇಕ್ರಿ? ಮಣ್ಣು ಹಾಕಿದವರೊಳಗ ನೀವೂ ಇದ್ರಿ."

ಇಡೀ ಸಭೆ ಹಿಂತಿರುಗಿ ನೋಡಿತು. ಅವಳು ನಿಲ್ಲಿಸಲಿಲ್ಲ. ಎಂಟು ತಿಂಗಳು ಓದಿದಿರಲ್ಲ, ಯಾರು ಕೇಳಿಸಿಕೊಂಡರು ಅಂದಳು. ನಿಮ್ಮ ದೇವರಿಗೆ ಕಿವಿ ಇಲ್ಲ, ನಿಮಗೆ ನಾಚಿಕೆ ಇಲ್ಲ ಅಂದಳು. ನನ್ನ ಹೆಸರು ಈಗಲೇ ಹೊಡೆದು ಹಾಕಿ ಅಂದಳು.

ಎಪ್ಪತ್ತು ದಾಟಿದ ಮಾಸ್ತರು ತಲೆ ತಗ್ಗಿಸಿ ನಿಂತಿದ್ದರು...

ಆಗ ಹೆಂಗಸರ ಬೆಂಚಿನಿಂದ ಒಂದು ದನಿ.

"ಮಾಸ್ತರಿಗೆ ಯಾಕ ಬೈತೀ? ಆ ಚೀಟಿ ಹಾಕಾಕಿ ನಾನ."

ಸಾರವ್ವ!

ಅವಳಿಗೆ ಓದು ಬರಹ ಬಾರದು. ಇದ್ದದ್ದು ಒಂದೇ ಚೀಟಿ, ಮಗ ಹಾಸಿಗೆ ಹಿಡಿದಾಗ ಯಾರೋ ಬರೆದುಕೊಟ್ಟದ್ದು. ಪ್ರತಿ ವಾರ ಅದನ್ನೇ ಡಬ್ಬಿಗೆ ಹಾಕುತ್ತಿದ್ದಳು. ಪ್ರಾರ್ಥನೆ ಮುಗಿದ ಮೇಲೆ ಮಾಸ್ತರು ಅದನ್ನು ಮಡಚಿ ಅವಳ ಕೈಗೇ ವಾಪಸ್ ಕೊಡುತ್ತಿದ್ದರು. ತಮ್ಮ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ರೂಢಿಯಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೆತ್ತವಳಿಗೆ ಅದನ್ನು ಹೇಳಲು ಬಾಯಿ ಬಂದಿರಲಿಲ್ಲ.

"ನಿಮಗ ತಲಿ ಕೆಟ್ಟೈತೇನು ಅತ್ತಿ? ಹಿಂಗ ಓದಿಸಿದ್ರ ಅವರು ಎದ್ದು ಬರ್ತಾರೇನು?"

"ತಲಿ ಕೆಟ್ಟಿಲ್ಲ, ಸಿಟ್ಟು ಬಂದೈತಿ. ನಿನಗಿಂತ ಹೆಚ್ಚಿಗಿ ಬಂದೈತಿ." ಸಾರವ್ವ ಬೆಂಚು ಹಿಡಿದು ಎದ್ದು ನಿಂತಳು. "ನನ್ನ ಮಗನ್ನ ಕರ್ಕೊಂಡು ಆ ದೇವ್ರು ಸುಮ್ಮನ ಕುಂತಾನಂದ್ರ ನಾ ಬಿಡ್ತೀನೇನು? ಆ ಹೆಸರು ವಾರಾ ವಾರಾ ಅವನ ಕಿವಿಗೆ ಬೀಳ್ಬೇಕು. ಜವಾಬು ಕೊಡೂತನಾ ಬೀಳ್ಬೇಕು."

"ಕೊಟ್ನೇನು ಜವಾಬು?"

"ಇಲ್ಲ."

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು...

"ಆದ್ರ ನಾ ಎಷ್ಟ ಬೈದ್ರೂ ಅಂವ ಎದ್ದು ಹೋಗಿಲ್ಲ ನೋಡು. ಅಂವನೂ ತನ್ನ ಮಗನ್ನ ಶಿಲುಬಿ ಮ್ಯಾಲ ಕಳಕೊಂಡಾನ, ಈ ಸಂಕಟ ಅಂವಗೂ ಗೊತ್ತೈತಿ, ಅದಕ್ಕ ನನ್ನ ಬೈಗಳಾ ತಡಕೊಂಡು ಕುಂತಾನ. ನೀನೂ ಸಿಟ್ಟ ಮಾಡೀದಿ, ನಾನೂ ಸಿಟ್ಟ ಮಾಡೀನಿ. ನೀ ಮಾತ ಬಿಟ್ಟಿ, ನಾ ಬಿಟ್ಟಿಲ್ಲ. ಇಷ್ಟ ಫರಕು."

ಪ್ರಿಸಿಲ್ಲಾ ಅತ್ತೆಯ ಮುಖ ನೋಡಿದಳು. ಈ ಎರಡು ತಿಂಗಳಲ್ಲಿ ಒಂದೇ ಸೂರಿನ ಕೆಳಗೆ ತಾನು ಒಬ್ಬಳೇ ಸುಡುತ್ತಿದ್ದೇನೆ ಅಂದುಕೊಂಡಿದ್ದಳಲ್ಲ...

ಸಾರವ್ವ ಬೆಂಚಿನ ಮೇಲೆ ಪಕ್ಕಕ್ಕೆ ಸರಿದಳು. "ಬಾ, ಕುಂದ್ರು. ಬೈಯೂದಿದ್ರ ಅವಂಗ ಬೈ."

ಪ್ರಿಸಿಲ್ಲಾ ಹೋಗಿ ಕುಸಿದು ಕುಳಿತಳು.

ಮಾಸ್ತರು ಕನ್ನಡಕ ಒರೆಸಿಕೊಂಡು ಪ್ರಾರ್ಥನೆ ಶುರು ಮಾಡಿದರು. ಹೆಸರುಗಳೆಲ್ಲ ಮುಗಿದು, ಎಲ್ಲರೂ ತಲೆ ಬಾಗಿಸಿ ಮೌನವಾಗಿದ್ದಾಗ... ಒಂದು ದನಿ ಕೇಳಿಸಿತು. ಸಿಟ್ಟಿನದೇ ದನಿ, ಬಿರುಕು ಬಿಟ್ಟ ದನಿ.

"ಯಾಕ?"

ಎರಡು ತಿಂಗಳಲ್ಲಿ ಪ್ರಿಸಿಲ್ಲಾ ದೇವರ ಹತ್ತಿರ ಆಡಿದ ಮೊದಲ ಮಾತು ಅದು.

ಮಾಸ್ತರು ಆಮೆನ್ ಹೇಳಿ ಮುಗಿಸಲಿಲ್ಲ. ಅವಳ ಮಾತು ಇನ್ನೂ ಇರಬಹುದೆಂದು ಕಣ್ಣು ಮುಚ್ಚಿಕೊಂಡು ಕಾಯುತ್ತ ನಿಂತರು...


ದೇವರ ಮೇಲೆ ಸಿಟ್ಟು ಬಂದರೆ ನಂಬಿಕೆ ಸಾಯುವುದಿಲ್ಲ, ಮಾತು ಬಿಟ್ಟರೆ ಸಾಯುತ್ತದೆ.


ನೀವು ಯಾವ ನೋವಿಗಾಗಿ ಅವನ ಹತ್ತಿರ ಮಾತು ಬಿಟ್ಟಿದ್ದೀರಿ? ಇವತ್ತು ಒಂದು ಸಲ ಹೋಗಿ ಜಗಳವನ್ನಾದರೂ ಆಡಿ ಬರಬಾರದೇ?