ತಾನೇ ಬರೆದ ಗುರಿ

ಆಸ್ಪತ್ರೆಯ ಬೆಡ್‌ಶೀಟುಗಳನ್ನು ಇಸ್ತ್ರಿ ಯಂತ್ರದ ಬಾಯಿಗೆ ಕೊಡುತ್ತಿದ್ದ ಗಿಲೇನಳ ಫೋನು ಬೆಳಿಗ್ಗೆ ಹನ್ನೊಂದು ಗಂಟೆಗೆ ಅದುರಿತು. ಅಳಿಯ.

"ಅತ್ತೆ, ಮಾಯೆಲ್‌ಗೆ ನೋವು ಶುರುವಾಗಿದೆ. ಅಮ್ಮ ಬರ್ಲಿ, ಅಮ್ಮ ಬರ್ಲಿ ಅಂತ ಒಂದೇ ಸಮ ಹೇಳ್ತಿದ್ದಾಳೆ. ಬೇಗ ಬನ್ನಿ."

ಫ್ರಾನ್ಸಿನ ರೂಬೆ ಪಟ್ಟಣದ ಆ ಲಾಂಡ್ರಿಯಲ್ಲಿ ಗಿಲೇನ್ ಇಪ್ಪತ್ತಾರು ವರ್ಷದಿಂದ ಇದ್ದಳು. ಮೊದಲು ಅಲ್ಲಿ ಫೆರ್ನಾಂ ಎಂಬ ಮೇಸ್ತ್ರಿಯಿದ್ದ, ಮಹಾ ಕೂಗುಮಾರಿ. ಅವನು ಬೆನ್ನು ತಿರುಗಿಸಿದೊಡನೆ ಇವಳು ಹಿಂಬಾಗಿಲಲ್ಲಿ ಸಿಗರೇಟು ಸೇದುತ್ತಿದ್ದಳು. ಮಗಳಿಗೆ ಜ್ವರ ಬಂದರೆ "ನಿನ್ನ ಕೆಲ್ಸ ನೀನೇ ಇಟ್ಕೋ" ಎಂದು ಏಪ್ರನ್ ಎಸೆದು ಹೋಗಿ, ಮರುದಿನ ಏನೂ ಆಗದವಳಂತೆ ಬರುತ್ತಿದ್ದಳು. ಮೇಸ್ತ್ರಿಗಳೇ ಬೇಡವೆಂದು ಮುಂದೆ ನಿಂತು ಎರಡು ಮುಷ್ಕರ ಮಾಡಿಸಿದವಳೂ ಅವಳೇ.

ಆರು ತಿಂಗಳ ಹಿಂದೆ ಬಂದ ಮ್ಯಾನೇಜರ್ ತಿಬೋ ಮೇಸ್ತ್ರಿಗಳನ್ನು ತೆಗೆದೇಬಿಟ್ಟ. ಇನ್ನು ಯಾರ ಮೇಲೂ ಯಾರೂ ಕಣ್ಣಿಡುವುದಿಲ್ಲ, ದಿನದ ಗುರಿಯನ್ನು ಗೋಡೆಯ ಹಲಗೆಯ ಮೇಲೆ ನೀವೇ ಬರೆದುಕೊಳ್ಳಿ, ಸಂಜೆ ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ ಎಂದ. ಗಿಲೇನ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಸಿಗರೇಟು ಯಾವಾಗ ಬಿಟ್ಟುಹೋಯಿತೆಂದು ಅವಳಿಗೇ ಗೊತ್ತಾಗಲಿಲ್ಲ.

ಈಗ ಅವಳು ತಿಬೋನ ಕೋಣೆಗೆ ಹೋದಳು.

"ಮಗಳಿಗೆ ಹೆರಿಗೆ ನೋವು. ಹೋಗ್ಬಹುದಾ?"

"ಅಯ್ಯೋ, ನನ್ನನ್ಯಾಕೆ ಕೇಳ್ತೀರಿ ಗಿಲೇನ್? ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ."

"ಇವತ್ತು ಒಂಬೈನೂರು ಶೀಟು ಅಂತ ಬರೆದಿದ್ದೆ..."

"ಬರೆದಿದ್ದು ನೀವೇ ಅಲ್ವಾ? ನೀವೇ ಅಳಿಸಿ."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಗಿಲೇನ್ ಗೋಡೆಯ ಹಲಗೆಯ ಮುಂದೆ ನಿಂತು ಅಳಿಸಲು ಕೈ ಎತ್ತಿದಳು. ಆರು ತಿಂಗಳಲ್ಲಿ ಒಂದು ದಿನವೂ ಅವಳ ಗುರಿ ತಪ್ಪಿರಲಿಲ್ಲ. ಅಳಿಸದೆ ಕೈ ಇಳಿಸಿದಳು. ಇನ್ನೊಂದು ಬಂಡಿ ಶೀಟು ಮುಗಿಸಿ ಹೊರಡುತ್ತೇನೆ ಎಂದುಕೊಂಡಳು. ಆಮೇಲೆ ಇನ್ನೊಂದು. ನಡುವೆ ಫೋನು ಎರಡು ಸಲ ಅದುರಿತು. ಕೈಗೆ ಬಿಡುವಿರಲಿಲ್ಲ.

ಹೆರಿಗೆ ಆಸ್ಪತ್ರೆ ತಲುಪಿದಾಗ ನಾಲ್ಕೂವರೆ. ಮಗು ಹುಟ್ಟಿ ಮೂರು ಗಂಟೆಯಾಗಿತ್ತು. ಮಾಯೆಲ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಎಷ್ಟು ಕೂಗ್ದೆ ಗೊತ್ತಾ ಅಮ್ಮಾ ನಿನ್ನ?"

"ಬರೋಕೆ ಬಿಡ್ಲಿಲ್ಲ ಕಣೇ."

ಅಳಿಯನಿಗೆ ರೇಗಿಹೋಯಿತು. "ಯಾರು ಬಿಡ್ದೇ ಇದ್ದೋರು? ಹೆಸರು ಹೇಳಿ ಅತ್ತೆ. ನಾಳೆ ಬೆಳಿಗ್ಗೇನೇ ಹೋಗಿ ವಿಚಾರಿಸ್ಕೋತೀನಿ."

ಗಿಲೇನ್ ಅವನ ತೋಳು ಹಿಡಿದಳು.

"ಹೋಗ್ಬೇಡಪ್ಪಾ," ಎಂದಳು. "ಅಲ್ಲೀಗ ಜಗಳ ಆಡೋಕೆ ಯಾರೂ ಇಲ್ಲ."