ತಾಯಿಕುರಿ ಮೂಸಿದ್ದು

ಒದ್ದೆ ಉಣ್ಣೆಯ ವಾಸನೆ ಬಂದರೆ ಈಗಲೂ ನಾನು ನಮ್ಮೂರು ಸಲಗರೆಯ ಕುರಿದೊಡ್ಡಿಯ ಬಾಗಿಲಲ್ಲಿ, ರಾಜ್ಯಗಳನ್ನು ಮರುವಿಂಗಡಿಸಿದ ವರ್ಷದ ಒಂದು ಮಧ್ಯಾಹ್ನದಲ್ಲಿ ನಿಂತಿರುತ್ತೇನೆ.

ಕನ್ನಡ ಮಾತಾಡುವ ನಮ್ಮೂರನ್ನು ಮೈಸೂರು ರಾಜ್ಯಕ್ಕೆ ಸೇರಿಸಿರೆಂದು ಅಜ್ಜ ಅರ್ಜಿ ಕೊಟ್ಟಿದ್ದ. ಇಂಗ್ಲಿಷಿನಲ್ಲಿ ಬಂದ ಉತ್ತರವನ್ನು, ಮಿರಜಿನಲ್ಲಿ ಕಲಿಯುತ್ತಿದ್ದ ಅವ್ವನ ತಂಗಿ ಕಮಲಾ ಮಾವಶಿ ಓದಿದಳು.

“ಊರು ಮುಂಬೈ ರಾಜ್ಯದಾಗ ಉಳೀತದರಿ ಅಪ್ಪಾ. ನಿಮ್ಮ ಡಿಸಪಾಯಿಂಟ್‌ಮೆಂಟ್ ನಮಗ ತಿಳೀತದ ಅಂತ ಬರದಾರ.”

“ಹಂಗಂದ್ರ?” ಎಂದ ಅಜ್ಜ.

ಮಾವಶಿ ಆ ಇಂಗ್ಲಿಷ್ ಮಾತಿಗೆ ಕನ್ನಡ ಹುಡುಕಿ ತಡವರಿಸಿದಳು. ಅಜ್ಜ ಸತ್ತ ಮರಿಯ ತೊಗಲನ್ನು ತಬ್ಬಲಿ ಮರಿಗೆ ಹೊದಿಸಿ, ತನ್ನದೇ ಮರಿಯೆಂದು ಹಾಲೂಡಲೆಂದು ಸತ್ತ ಮರಿಯ ತಾಯಿಕುರಿಯ ಮುಂದೆ ಹಿಡಿದಿದ್ದ. ಅದು ಓಡಿ ಬಂದು ಮೂಸಿತು. ಮತ್ತೆ ಮೂಸಿ ಮುಖ ತಿರುಗಿಸಿತು.

“ಹಂಗಂದ್ರ ಇದರಿ,” ಎಂದಳು ಮಾವಶಿ.

ಅಜ್ಜ ಮರಿಯನ್ನು ಬಿಡಲಿಲ್ಲ. “ನಾಳಿಗೆ ಹಾಲು ಕೊಡತದವ್ವಾ. ಆದ್ರ ಅದಕ್ಕ ಗೊತ್ತಿರತದ.”

ಅದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಇಂದು ಬದುಕಿರುವವಳು, ಈಗ ಮರಾಠಿಯಲ್ಲೇ ಮಾತಾಡುವ ಕಮಲಾ ಮಾವಶಿ ಒಬ್ಬಳೇ.